ಮಸಿ ಬಳಿದ ಕುದುರೆ

ನಡುರಾತ್ರಿ ಕುದುರೆಯ ಕೊರಳ ಗೆಜ್ಜೆ ಒಂದೇ ಒಂದು ಸಲ ಕಿಣಿ ಎಂದಿತು.

"ಯಾರದು?" ಪಕ್ಕದ ಗುಡಾರದಿಂದ ಉನೋ ಅಜ್ಜಿ ಕೇಳಿದಳು. ಅಜ್ಜಿಗೆ ಹಗಲಲ್ಲಿ ಕೂಗಿದರೂ ಕೇಳದು, ರಾತ್ರಿ ಹುಲ್ಲು ಬೆಳೆದರೂ ಕೇಳುತ್ತದೆ.

"ನಾನೇ ಅಜ್ಜಿ, ಕೆವೆ. ಹೊಟ್ಟೆ ಸರಿಯಿಲ್ಲ."

ಕೆವೆಯ ಹೊಟ್ಟೆ ಸರಿಯಾಗಿಯೇ ಇತ್ತು. ಸತ್ತ ಹೆಂಡತಿಯ ಬಿಳಿ ಕುದುರೆಗೆ ಒಲೆಯ ಮಸಿ ಬಳಿದು, ತಿಸಾ ಹೊಳೆಯ ಜೊಂಡಿನಲ್ಲಿ ಬಚ್ಚಿಡಲು ಅವನು ಹೊರಟಿದ್ದ. ಸಂಜೆ ಅಣ್ಣ ಬೋರ್ಶ್ ತೀರಿಕೊಂಡಿದ್ದ. ಸತ್ತವರು ಪೂರ್ವಕ್ಕೆ, ಹಿರಿಯರು ಜಿಂಕೆಯ ಬೆನ್ನು ಹತ್ತಿ ಬಿಟ್ಟುಬಂದ ನೆಲಕ್ಕೆ ಮರಳಬೇಕು. ಅಷ್ಟು ದೂರ ನಡೆಯಲಾದೀತೆ? ಅದಕ್ಕೇ ಹೆಣದ ಜೊತೆ ಕುದುರೆಯ ತಲೆ, ಕಾಲು, ಚರ್ಮ ಹೂಳುವುದು, ಮಾಂಸ ಉಳಿದವರಿಗೆ. ಅಣ್ಣನ ಕುದುರೆ ಹೊಳೆಯಲ್ಲಿ ಮುಳುಗಿತ್ತು. ಅಂದಮೇಲೆ ತಮ್ಮನಾದ ಕೆವೆ ತನ್ನ ಬಳಿಯಿದ್ದ ಈ ಕುದುರೆಯನ್ನೇ ಕೊಡಬೇಕು.

ಹೆಂಡತಿ ಬೆಟ್ಟ ದಾಟುವಾಗ ಸತ್ತಿದ್ದಳು. ಶತ್ರುಗಳು ಹಿಂದೆಯೇ ಇದ್ದರು. ಅವಳನ್ನು ಕುದುರೆಯಿಲ್ಲದೆ ಮಣ್ಣು ಮಾಡಿ ಓಡಿಬಂದಿದ್ದರು. ಅವಳ ದನಿಗೆ ಕಿವಿ ನಿಮಿರಿಸುತ್ತಿದ್ದ ಜೀವ ಇದೊಂದೇ ಉಳಿದಿತ್ತು.

ಬೆಳಗಾಗುವಷ್ಟರಲ್ಲಿ ಕೆವೆಯ ಹೊಟ್ಟೆನೋವು ಪಾಳೆಯಕ್ಕೆಲ್ಲ ಗೊತ್ತಾಗಿತ್ತು. "ಕುದುರೆ ಕಾಣ್ತಿಲ್ಲ, ಯಾರೋ ಕದ್ದರು," ಎಂದು ಅವನು ಬಾಯಿ ತೆರೆದರೆ, ಅಜ್ಜಿ ಅದೇ ಬಾಯಿಗೆ ಮಾಚಿಪತ್ರೆಯ ಕಷಾಯ ಸುರಿದಳು.

"ಮಲಕ್ಕೋ ಸುಮ್ನೆ. ಬೇರೆ ಕುದುರೆ ತೊರ್ದ ಹುಡುಕ್ತಾನೆ."

ತೊರ್ದ ನೆರೆಯವನು, ಕರೆಯದಿದ್ದರೂ ಬರುವವನು. ಕೆವೆ ಎದ್ದಾಗಲೆಲ್ಲ ಅಜ್ಜಿ ಇನ್ನೊಂದು ಬಟ್ಟಲು ಕುಡಿಸಿದಳು. ಮಧ್ಯಾಹ್ನದ ಹೊತ್ತಿಗೆ ಸುಳ್ಳು ನೋವು ನಿಜವಾಗಿತ್ತು.

ಸಂಜೆ ಅವನನ್ನು ಅಣ್ಣನಿಗೆ ತೋಡಿದ ಗುಂಡಿಯ ಬಳಿಗೆ ನಡೆಸಿಕೊಂಡು ಹೋದರು. ಕಡಾಯಿ ಕುದಿಯುತ್ತಿತ್ತು.

"ನಿನ್ನ ಮಾನ ಉಳೀತು ಕಣೋ," ಎಂದು ತೊರ್ದ ಬೆನ್ನು ತಟ್ಟಿದ. "ಜೊಂಡಲ್ಲಿ ಯಾರದೋ ಕರೀ ಕುದುರೆ ಸಿಕ್ತು. ಎಂಥಾ ಕೊಳಕು ಅಂತೀಯ, ಮುಟ್ಟಿದ್ರೆ ಕೈಯೆಲ್ಲ ಕಪ್ಪು. ಪಾಪ, ಕೊನೇಲಿ ನನ್ನ ಕೈ ನೆಕ್ಕಿತು."

ಕೆವೆ ಬಗ್ಗಿ ನೋಡಿದ. ಮಡಿಸಿಟ್ಟ ಚರ್ಮದ ಮೇಲಿನ ತಲೆ. ಕಿವಿಯೊಳಗೆ, ರಾತ್ರಿ ಅವನ ಬೆರಳು ಹೋಗದ ಕಡೆ, ಹಾಲಿನಂಥ ಬಿಳುಪು.

"ಅಳು ಮಗ. ಅಣ್ಣ ಅಂದ್ರೆ ಸುಮ್ನೆಯಾ?" ಅಜ್ಜಿ ಮತ್ತೆ ಬಟ್ಟಲು ಚಾಚಿದಳು. ಈ ಸಲ ಮಾಂಸ. "ತಿನ್ನು. ತಮ್ಮ ತಿನ್ನದೆ ಅಣ್ಣ ಹೊರಡಲ್ಲ."

ತಿಂದ. ಆಮೇಲೆ ಕುದುರೆಯ ತಲೆಗೆ ಕಟ್ಟಿದ ಲಗಾಮು ಸರಿಮಾಡುವ ನೆಪದಲ್ಲಿ, ಪಕ್ಕದಲ್ಲೇ ಮಲಗಿಸಿದ್ದ ಅಣ್ಣನ ಕಿವಿಯ ಬಳಿ ಬಗ್ಗಿದ.

"ದಾರೀಲಿ ನನ್ನಾಕೆ ಇನ್ನೂ ನಡ್ಕೊಂಡು ಹೋಗ್ತಿರ್ತಾಳೆ. ಹಿಂದೆ ಕೂರಿಸ್ಕೋ ಅಣ್ಣ. ನೀನೇನೂ ಹುಡುಕಬೇಕಿಲ್ಲ, ಅವಳನ್ನ ಕಂಡ್ರೆ ಕುದುರೆ ತಾನೇ ನಿಲ್ಲುತ್ತೆ."

"ಏನಂದೆ?" ಎಂದಳು ಅಜ್ಜಿ.

"ಏನಿಲ್ಲ ಅಜ್ಜಿ. ಹೊಟ್ಟೆ."

ಅದು ಯಾರ ಕುದುರೆಯೆಂದು ಯಾರಿಗೂ, ಎಂದಿಗೂ ಹೇಳಬಾರದೆಂದು ಅವನು ಮನಸ್ಸು ಗಟ್ಟಿ ಮಾಡಿಕೊಳ್ಳುವಷ್ಟರಲ್ಲಿ, ಅಜ್ಜಿ ಕಷಾಯ ತರಲು ಎದ್ದಿದ್ದಳು.