ಕಡ ಕೊಟ್ಟ ದವಾಖಾನಿ ಕಾರ್ಡು

ಇಳಕಲ್ಲಿನ ಒಂದು ಖಾಸಗಿ ದವಾಖಾನ್ಯಾಗ ನಾ ಹದಿನಾಲ್ಕು ವರ್ಷ ಕಾಗದಪತ್ರದ ಗುಮಾಸ್ತ ಆಗಿದ್ದೆ. ದವಾಖಾನಿ ಅಂದ್ರ ಬರೇ ಅಳು, ನರಳಾಟ ಅಂತ ಮಂದಿ ತಿಳ್ಕೊಂಡಾರ. ಅದೂ ಇರತೈತಿ, ಇಲ್ಲ ಅನ್ನೂದಿಲ್ಲ. ಆದ್ರ ಕೌಂಟರಿನ ಈ ಕಡೆ ಕುಂತಾವಗ ವಾರಕ್ಕೊಂದರೆ ನಗೂವಂಥಾದ್ದು ಆಗದs ಇರೂದಿಲ್ಲ. ಆದ ದಿನ ಮಾತ್ರ ನಗು ಬರೂದಿಲ್ಲ, ಸಿಟ್ಟು ಬರತೈತಿ. ನಾ ಮೊದಲs ಸಿಟ್ಟಿನ ಮನಿಷ್ಯಾ. ಈಗ ಕುಂತು ನೆನಸ್ಕೊಂಡ್ರ ಒಬ್ಬನs ನಗತೇನಿ.

೧. ಭಜಿ ಕಟ್ಟಿದ ಕಾಗದ

ನಾ ಕೆಲಸಕ್ಕ ಸೇರಿದ್ದು ತೊಂಬತ್ತರ ದಶಕದ ಕೊನೀಗೆ. ಆಗ ಒಬ್ಬೊಬ್ಬ ಪೇಶಂಟಿಗೆ ಒಂದೊಂದು ಕಾಗದ. ಹೆಸರು, ವಯಸ್ಸು, ಏನು ಬ್ಯಾನಿ, ಯಾವ ರಕ್ತ, ಯಾವ ಗುಳಿಗಿ, ಎಲ್ಲಾ ಅದರಾಗ. ಹಿತ್ತಲ ಖೋಲಿ ತುಂಬಿತಂದ್ರ ಹಳೇ ಕಾಗದಾ ಎಲ್ಲಾ ರದ್ದಿ ಅಂಗಡಿಗೆ ಹೋಗ್ತಿದ್ದುವು. ಯಾರೂ ಅದರಾಗ ತಪ್ಪೇನೈತಿ ಅಂತ ಯೋಚನಿ ಮಾಡಿದ್ದಿಲ್ಲ.

ಒಂದಿನ ಸಂಜೀಕೆ ರಿಟೈರಾದ ಸಾಲಿ ಮಾಸ್ತರೊಬ್ರು ಮಾರಿ ಕೆಂಪಗ ಮಾಡ್ಕೊಂಡು ಬಂದ್ರು. ಕೈಯಾಗ ಎಣ್ಣಿ ಕುಡದ ಕಾಗದ, ಅದರ ಮ್ಯಾಲೆ ಮೆಣಸಿನಕಾಯಿ ಭಜಿ.

"ಇದು ಯಾರ ಕಾಗದಾ ನೋಡ್ರಿ!" ಅಂದ್ರು.

ನೋಡಿದೆ. ಅವರದs. ಹಿಂದಿನ ವರ್ಷ ತೋರಿಸಿದ್ದ ಸಕ್ಕರಿ ಬ್ಯಾನಿ ಕಾಗದಾ.

"ನನಗ ಸಕ್ಕರಿ ಐತಿ ಅಂತ ಮನ್ಯಾಗ ಹೆಣ್ತಿಗೂ ಹೇಳಿಲ್ಲ. ಬಸ್‌ಸ್ಟ್ಯಾಂಡಿನ್ಯಾಗ ಭಜಿ ಮಾಡಾಂವ ಕೇಳ್ತಾನ, 'ಸರ, ಚಾಕ್ಕ ಸಕ್ಕರಿ ಹಾಕ್ಲ್ಯೋ ಬ್ಯಾಡೋ' ಅಂತ. ಊರಿಗೆಲ್ಲಾ ಡಂಗುರಾ ಹೊಡದಂಗಾತಲ್ರೀ!"

ಡಾಕ್ಟರ್ ಹೊರಗ ಬಂದು ಕೈ ಮುಗದ್ರು. ನನ್ನ ಕರದು ಕಬ್ಬಿಣದ ಕಪಾಟಿನ ಕೀಲಿ ಕೈಯಾಗ ಕೊಟ್ರು. "ಕಾಗದಾ ಅವರದು, ನಾವು ಬರೇ ಕಾಯಾವ್ರು. ಇನ್ನ ಮುಂದ ಒಂದು ಕಾಗದಾ ಹೊರಗ ಹೋದ್ರ ಅದರ ಬೆನ್ನಹಿಂದ ನೀವೂ ಹೋಗ್ತೀರಿ" ಅಂದ್ರು. ಅವತ್ತಿನಿಂದ ಹಳೇ ಕಾಗದಾ ಎಲ್ಲಾ ನನ್ನ ಕಣ್ಮುಂದನs ಸುಡೂ ಪದ್ಧತಿ ಆತು.

ಮಾಸ್ತರ್ರಿಗೆ ಸ್ವಲ್ಪ ಸಮಾಧಾನ ಆತು. "ಕೆಳಗ ಡಾಕ್ಟರ್ ಏನೋ ಬರದಾರ, ಎಣ್ಣಿ ಆಗಿ ಕಾಣವಲ್ದು, ಓದ್ರಿ" ಅಂದ್ರು.

ಬೆಳಕಿಗೆ ಹಿಡದು ಓದಿದೆ: "ಕರದ ಪದಾರ್ಥ ಪೂರಾ ಬಂದ್."

ಮಾಸ್ತರು ಕೈಯಾಗಿನ ಭಜಿ ನೋಡಿದ್ರು. "ಸಾವಕಾಶ ಓದ್ರಿ, ಇನ್ನೊಂದು ಉಳದೈತಿ" ಅಂದ್ರು.

೨. ಹುಡುಗಿ ಸೋದರಮಾವ

ಕೀಲಿ ನನ್ನ ಕೈಯಾಗ ಬಂದಿದ್ದs ತಡ, ಊರಾಗ ನನ್ನ ಕಿಮ್ಮತ್ತು ಏರಿಬಿಡ್ತು. ಕನ್ಯಾ ನೋಡೂ ಹಂಗಾಮ ಬಂತಂದ್ರ ಎರಡೂ ಕಡೆಯವ್ರು ನನ್ನ ಕೌಂಟರಿಗೆ ಬರಾವ್ರು. ಗುಳೇದಗುಡ್ಡದಿಂದ ಒಬ್ಬ ಹಿರಿಯಾ ಬಂದ. ಹುಡುಗಿ ಸೋದರಮಾವ. ನಮ್ಮೂರ ಹುಡುಗಗ ಕೊಡೂ ವಿಚಾರ ಇತ್ತು.

"ಹುಡುಗ ಹೋದ ವರ್ಷ ನಿಮ್ಮ ದವಾಖಾನ್ಯಾಗ ಎರಡು ದಿನ ಇದ್ನಂತ. ಏನಾಗಿತ್ತು ಒಂದೀಟು ಹೇಳ್ರಿ."

"ಹೇಳಾಕ ಬರೂದಿಲ್ರಿ. ಅಂವ ಬಂದು ಸಹಿ ಮಾಡಿದ್ರ ಮಾತ್ರ ಕಾಗದಾ ತೋರಸ್ತೇನಿ."

"ನಾ ಮಾವಾಗಾಂವ ಅದೀನೋ ತಮ್ಮಾ!"

"ಇನ್ನೂ ಆಗಿಲ್ಲಲ್ರಿ."

ಹಿರಿಯಾ ಎದ್ದು ಹೋದ. ಮರುದಿನ ಆ ಹುಡುಗನs ಓಡಿ ಬಂದ. "ಏನ್ರಿ ಸಾಹೇಬ್ರ, ನೀವು ಹೇಳೂದಿಲ್ಲ ಅಂದದ್ದಕ್ಕ ಅವರು ನನಗ ಏನೋ ದೊಡ್ಡ ರೋಗ ಐತಿ ಅಂತ ತಿಳ್ಕೊಂಡಾರ. ಲಗ್ನ ಮುರದ ಹೊಂಟೈತಿ. ಸಹಿ ಎಲ್ಲಿ ಮಾಡ್ಲಿ ಹೇಳ್ರಿ, ಹತ್ತು ಮಾಡ್ತೇನಿ!"

ಸಹಿ ತಗೊಂಡು, ಅಂವ ಮಾವನ್ನ ಕರಕೊಂಡು ಬಂದ ಮ್ಯಾಲೆ ಕಾಗದಾ ತಗದೆ. ಮಾವ ಕನ್ನಡಕ ಏರಿಸಿ ಓದಿದ. ಹುಡುಗ ಜ್ವರಕ್ಕ ಬಂದಿದ್ದ, ಸೂಜಿ ನೋಡಿ ಎಚ್ಚರ ತಪ್ಪಿ ಬಿದ್ದು ಹಣಿ ಒಡಕೊಂಡಿದ್ದ. ಹೊಲಿಗಿ ಹಾಕಾಕಂತ ಸೂಜಿ ತಗದ್ರ ಮತ್ತ ಬಿದ್ದಿದ್ದ. ಎರಡು ದಿನ ಇದ್ದದ್ದು ಅದಕ್ಕ.

ಹುಡುಗ ನೆಲಾ ನೋಡಾಕತ್ತಿದ್ದ. ಮಾವ ಕಾಗದಾ ಮಡಿಚಿ ನನ್ನ ಕೈಗೆ ಕೊಟ್ಟು, "ಭಾಳ ಚಲೋ ಆತು. ನಮ್ಮ ಹುಡುಗಿ ಕೈಯಾಗ ಇಂಥಾಂವs ಬಾಳ್ತಾನ" ಅಂದ.

೩. ಫೋಟೋದಾಗ ಒಂದು ಸೆರಗು

ಆಮ್ಯಾಲೆ ಕೆಲವು ವರ್ಷಕ್ಕ ನೇಕಾರ ಮನಿತನಗಳಿಗೆ ಆರೋಗ್ಯ ವಿಮಾ ಕಾರ್ಡು ಬಂದುವು. ಕಾರ್ಡು ತೋರಿಸಿದ್ರ ಔಷಧೋಪಚಾರದ ಖರ್ಚು ವಿಮಾ ಕಂಪನಿ ನೋಡ್ಕೋತಿತ್ತು. ನಮ್ಮ ಮನ್ಯಾಗೂ ಅಪ್ಪನ ಕಾಲದ ಮಗ್ಗ ಐತಿ, ನನ್ನ ಹೆಣ್ತಿ ನೇಯ್ತಾಳ, ಹಂಗಾಗಿ ಅಕಿ ಹೆಸರಲೆ ನಮಗೂ ಒಂದು ಬಂತು.

ಕಾರ್ಡಿನ ಮ್ಯಾಲೆ ಮನಿಮಂದೀ ಹೆಸರು, ಫೋಟೋ. ಗುರ್ತು ಹಿಡೀಲಿ ಅಂತ ಫೋಟೋ. ಆದ್ರ ಫೋಟೋ ತಗಿಯಾಂವ ಪರಊರಾಂವ. ಪರಗಂಡಸು ಮುಂದ ನಿಂತಾನಂತ ನಮ್ಮ ಹೆಣ್ಮಕ್ಕಳೆಲ್ಲಾ ಸೆರಗು ಮೂಗಿನತನಕ ಎಳಕೊಂಡು ಕುಂತಿದ್ರು. ಇಳಕಲ್ಲ ಸೀರಿ, ಎಲ್ಲಾರದೂ ಅದs ಕೆಂಪು ಸೆರಗು. ಯಾವ ಕಾರ್ಡು ನೋಡಿದ್ರೂ ಒಬ್ಬ ಗಂಡಸು, ಎರಡು ಹುಡುಗ್ರು, ಒಂದು ಸೆರಗು.

ಅಲ್ಲಿಗೆ ಓಣ್ಯಾಗ ಕಾರ್ಡು ಕಡ ಕೊಡೂದು ಸುರು ಆತು. ಇಡ್ಲಿ ಪಾತ್ರಿ, ಶ್ಯಾವಗಿ ಮಣಿ ಕೊಟ್ಟಂಗ. ಮೋಸ ಅಂತ ಯಾರ ಮನಸಿನ್ಯಾಗೂ ಇಲ್ಲ. ನೆರಮನಿಯಾಕಿಗೆ ಬ್ಯಾನಿ ಬಂದೈತಿ, ನನ್ನ ಕಾರ್ಡು ಖಾಲಿ ಬಿದ್ದೈತಿ, ಒಯ್ಲಿ ಬಿಡು.

ಒಂದಿನ ಒಬ್ಬಾಕಿ ಆಪರೇಶನ್ನಿಗೆ ಬಂದ್ಲು. ಮೈಯಾಗ ರಕ್ತ ಕಡಿಮಿ, ಏರಿಸಬೇಕು. ಕಾಗದದಾಗ ಅಕಿ ರಕ್ತ ಬಿ ಅಂತ ಐತಿ. ಏರಿಸೂ ಮುಂಚೆ ಲ್ಯಾಬಿನಾಂವ ಮತ್ತೊಮ್ಮೆ ನೋಡಿದ್ರ ಎ. ಡಾಕ್ಟರ್ ಮಾರಿ ಬೆಳ್ಳಗಾತು. ತಪ್ಪು ರಕ್ತ ಏರಿಸಿದ್ರ ಜೀವಾನs ಹೋಗ್ತದ. ಕೇಳಿದ್ರ ಮೂರು ತಿಂಗಳ ಹಿಂದ ಅಕಿ ನೆಗೆಣ್ಣಿ ಇದs ಕಾರ್ಡ ತಗೊಂಡು ಬಂದು ತೋರಿಸಿಕೊಂಡು ಹೋಗ್ಯಾಳ. ಕಾಗದದಾಗ ಇದ್ದದ್ದು ಆ ನೆಗೆಣ್ಣಿ ರಕ್ತ.

ನಾ ಅವರತ್ತಿ ಮುಂದ ಹೋಗಿ ಚೀರಿದೆ. "ಒಬ್ಬರ ರಕ್ತ ಇನ್ನೊಬ್ಬರಿಗೆ ಬರೂದಿಲ್ಲಬೇ ಯಮ್ಮಾ! ಸೊಸಿ ಸತ್ತಿದ್ಲು ಈಗ!"

ಮುದುಕಿ ನನ್ನs ಸಮಾಧಾನ ಮಾಡಿದ್ಲು. "ರಕ್ತ ಬ್ಯಾರೆ ಇದ್ರೇನಾತೋ ಯಪ್ಪಾ, ಮನಿತನ ಒಂದs ಅಲ್ಲ?"

೪. ಆಯಾ ಹೇಳಿದ ಉಪಾಯ

ಸುದ್ದಿ ವಿಮಾ ಕಂಪನಿಗೆ ಮುಟ್ಟಿತು. ಬಾಗಲಕೋಟಿಯಿಂದ ಸಾಹೇಬ ಬಂದು ಡಾಕ್ಟರ್ ಮುಂದನs ನನಗ ಹೇಳಿದ: "ಬ್ಯಾರೇದವ್ರ ಹೆಸರಲೆ ಉಪಚಾರ ತಗೊಂಡ್ರ ಅದು ವಂಚನೆ. ಕೊಟ್ಟಾಕಿ ಮ್ಯಾಲೂ ಕೇಸು, ತಗೊಂಡಾಕಿ ಮ್ಯಾಲೂ ಕೇಸು. ಇನ್ನೊಂದು ಸಿಕ್ಕಿತು ಅಂದ್ರ ನಿಮ್ಮ ದವಾಖಾನಿ ಹೆಸರು ಪಟ್ಟಿಯಿಂದ ತಗದುಬಿಡ್ತೇವಿ." ಅಂವ ಹೋದ ಮ್ಯಾಲೆ ಡಾಕ್ಟರ್ ನನ್ನ ಕಡೆ ನೋಡಿ, "ದವಾಖಾನಿ ಹೆಸರು ಹೋಗೂಕ್ಕಿಂತ ಮೊದಲು ನಿಮ್ಮ ಹೆಸರು ಹೋಗತೈತಿ" ಅಂದ್ರು.

ನನಗ ನಿದ್ದಿ ಹತ್ತದಂಗಾತು. ಎಲ್ಲಾ ಸೆರಗೂ ಒಂದs ಥರ. ಸೆರಗು ತಗೀರಿ ಅಂದ್ರ ಕೌಂಟರ್ ಮುಂದ ಜಗಳ. ಖರೇದಾಕಿನ್ನ ಹೆಂಗ ಹುಡಕ್ಲಿ?

ನಮ್ಮ ದವಾಖಾನಿ ಮುದುಕಿ ಆಯಾ ಕಸಾ ಹೊಡಕೋತ ಹೇಳಿದ್ಲು. "ಗಂಡನ ಹೆಸರು ಕೇಳ್ರಿ. ಪಟ್ಟನೆ ಹೇಳಿದ್ಲು ಅಂದ್ರ ಕಾರ್ಡು ಅಕೀದಲ್ಲ. ಖರೆ ಹೆಣ್ತಿ ಗಂಡನ ಹೆಸರು ಯಾವಾಗ ಬಾಯಾಗ ತಂದಾಳ್ರಿ?"

ಅಬ್ಬಾ ಮುದುಕಿ! ಸಾಹೇಬನ ತಲ್ಯಾಗೂ ಇಲ್ಲದ್ದು ಕಸಬರಿಗಿ ಹಿಡದಾಕಿ ತಲ್ಯಾಗ ಇತ್ತು. ಮರುದಿನದಿಂದ ಸುರು ಮಾಡಿದೆ. ಖರೇದವ್ರು ನಾಚಿ, ನಕ್ಕು, ಪಕ್ಕದಾಕಿ ಕಡೆಯಿಂದ ಹೇಳಸ್ತಿದ್ರು. ಕಡ ತಂದವ್ರು ಸಾಲ್ಯಾಗ ಮಗ್ಗಿ ಒಪ್ಪಿಸಿದಂಗ ಗಂಡನ ಹೆಸರು, ಅಡ್ಡಹೆಸರು, ಓಣಿ ಸಹಿತ ಹೇಳ್ತಿದ್ರು. ಒಂದs ತಿಂಗಳಿನ್ಯಾಗ ಐದು ಮಂದಿನ್ನ ಹಿಡದು ಮನಿಗೆ ಕಳಿಸಿದೆ.

ಒಬ್ಬಾಕಿ ಮಾತ್ರ ಹಟಾ ಹಿಡದ್ಲು. "ಹಂಗs ಹೇಳೂದಿಲ್ರಿ, ಒಡಪು ಹಾಕಿ ಹೇಳ್ತೇನಿ" ಅಂದಾಕಿನs ಸೆರಗು ಸರಿ ಮಾಡ್ಕೊಂಡು, ಮದಿವ್ಯಾಗ ಹೇಳಿದಂಗ ರಾಗಾ ತಗದ್ಲು. "ಹೋಳಿಗಿ ಮ್ಯಾಲೆ ಹನಿ ಹನಿ ತುಪ್ಪ, ನನ್ನ ಕೈ ಹಿಡದವ್ರು ಸಂಗಪ್ಪ!"

ಸಾಲಿನ್ಯಾಗ ನಿಂತವ್ರೆಲ್ಲಾ ಚಪ್ಪಾಳಿ ಹೊಡದ್ರು. ಮುಂದ ಎರಡು ದಿನ ಯಾರೂ ಒಡಪಿಲ್ಲದ ಚೀಟಿ ಮಾಡಿಸಲಿಲ್ಲ.

೫. ನಾ ಹುನಗುಂದಕ್ಕ ಹೋದ ದಿನ

ಯಾವುದೋ ಹೊಡದಾಟದ ಕೇಸಿನ್ಯಾಗ ಗಾಯದ ಕಾಗದಾ ತರ್ರಿ ಅಂತ ಹುನಗುಂದ ಕೋರ್ಟಿಂದ ಹುಕುಂ ಬಂತು. ಕೋರ್ಟು ಕೇಳಿದ್ರ ಕೊಡಬೇಕು. ಹೋದೆ. ಸಂಜೀತನಕ ಬರೂದಿಲ್ಲ ಅಂತ ಮನ್ಯಾಗ ಹೇಳಿದ್ದೆ. ಆದ್ರ ಕೇಸು ಮುಂದ ಹೋತು, ಸಿಕ್ಕ ಬಸ್ಸಿಗೆ ಮಧ್ಯಾಹ್ನನs ತಿರುಗಿ ಬಂದು ಕೌಂಟರಿನ್ಯಾಗ ಕುಂತೆ. ಡಾಕ್ಟರ್ ನನ್ನ ಬೆನ್ನಹಿಂದ ನಿಂತು ಏನೋ ಕಾಗದಾ ನೋಡಾಕತ್ತಿದ್ರು.

ಒಬ್ಬಾಕಿ ಹೊಟ್ಟಿ ಹಿಡಕೊಂಡು ಬಂದ್ಲು. ಮೂಗಿನತನಕ ಸೆರಗು. ಕಾರ್ಡು ಮುಂದಿಟ್ಲು. ನಾ ರಜಿಸ್ಟರ್ ತಗದು, ತಲಿ ಎತ್ತದs ಕೇಳಿದೆ.

"ಗಂಡನ ಹೆಸರು?"

ಪಟ್ಟನೆ ಹೇಳಿದ್ಲು. ನಾ ಬರ್ಕೋತ ಹೋದೆ. ಅರ್ಧಾ ಬರದ ಮ್ಯಾಲೆ ಪೆನ್ನು ನಿಂತಿತು. ಇದು ಯಾರದೋ ಭಾಳ ಪರಿಚಯದ ಹೆಸರು ಐತೆಲ್ಲಾ? ಇನ್ನೊಮ್ಮೆ ಓದಿದೆ. ನಂದs ಹೆಸರು!

ಕಾರ್ಡು ನೋಡಿದೆ. ಫೋಟೋದಾಗ ನಾ, ನನ್ನ ಎರಡು ಮಕ್ಕಳು, ಬಾಜೂಕ ಒಂದು ಸೆರಗು.

"ಗಂಡ ಎಲ್ಲಿ ಅದಾನವಾ?" ಅಂದೆ.

"ಊರಾಗಿಲ್ರಿ, ಹುನಗುಂದಕ್ಕ ಹೋಗ್ಯಾರ. ಲಗೂನ ಬರ್ಕೋರಿ, ಅವರು ಭಾಳ ಸಿಟ್ಟಿನವ್ರಂತ."

ಬೆನ್ನಹಿಂದ ಡಾಕ್ಟರ್ ಕೆಮ್ಮಿದ್ರು. ನನ್ನ ನೌಕರಿ ಹೋತು ಅಂತ ನಾ ಗಟ್ಟಿ ಮಾಡ್ಕೊಂಡೆ. ಆದ್ರೂ ಎದ್ದು ನಿಂತು ಹೇಳಿದೆ. "ಸಾಹೇಬ್ರ, ಈ ಕಾರ್ಡು ನಡಿಯೂದಿಲ್ಲ. ಇದು ನಮ್ಮ ಮನೀದು. ಈಕಿ ನನ್ನ ಹೆಣ್ತಿ ಅಲ್ಲ."

ಆ ಹೆಣ್ಮಗಳು ಸೆರಗು ಸರಿಸಿ ನನ್ನ ಮಾರಿ ನೋಡಿದ್ಲು, ಫೋಟೋ ನೋಡಿದ್ಲು, "ಅಯ್ಯ ಶಿವನs!" ಅಂತ ಅಲ್ಲೇ ಕುಂತಬಿಟ್ಲು. ನಮ್ಮ ಬಾಜೂಮನಿಯಾಕಿ ತಂಗಿ, ಬಾದಾಮಿಯಿಂದ ನಿನ್ನೆ ಬಂದಾಕಿ. ಹೊಟ್ಟಿಬ್ಯಾನಿ ಮಾತ್ರ ಖರೇನs ಇತ್ತು. ಡಾಕ್ಟರ್ ಅಕಿ ಹೆಸರಲೆ ಹೊಸಾ ಕಾಗದಾ ಮಾಡಿಸಿ, ಕಾರ್ಡು ಇಲ್ಲದs ಉಪಚಾರ ಮಾಡಿದ್ರು. ಆಮ್ಯಾಲೆ ನನಗ, "ಸ್ವಂತ ಹೆಣ್ತಿ ಕಾರ್ಡs ಹಿಡದಾವನ್ನ ನಾ ಹೆಂಗ ನೌಕರಿ ಬಿಡಿಸ್ಲಿ? ಮನಿಗೆ ಹೋಗ್ರಿ, ಅಲ್ಲಿ ನಿಮ್ಮನ್ನ ಇಟ್ಕೋತಾರೋ ಇಲ್ಲೋ ನೋಡ್ಕೋರಿ" ಅಂದ್ರು.

ಮನಿಗೆ ಹೋದೆ. ಹೆಣ್ತಿ ಮಗ್ಗದ ಕುಣ್ಯಾಗ ಕುಂತಿದ್ಲು. ಕಾರ್ಡು ಅಕಿ ಮುಂದ ಒಗದೆ.

"ನಿನ್ನ ಕಾಗದದಾಗ ಕೆಂಪು ಶಾಯಿಲೆ ಏನು ಬರದೈತಿ ಗೊತ್ತೇನು? ಹೋದ ವರ್ಷ ಆ ಒಂದು ಸೂಜಿಗೆ ಗಂಟಲಾ ಬಾತು ಉಸರು ನಿಂತಿತ್ತಲ್ಲ, ಆ ಸೂಜಿ ನಿನಗ ಕೊಡಬಾರದು ಅಂತ ಬರದೈತಿ. ಇವತ್ತ ಅಕಿ 'ನನಗ ಏನೂ ಆಗೂದಿಲ್ಲ' ಅಂತ ಹೇಳಿ ನಿನ್ನ ಹೆಸರಲೆ ಆ ಸೂಜಿ ಮಾಡಿಸ್ಕೊಂಡು ಅರಾಮಾಗಿ ಮನಿಗೆ ಹೋಗಿದ್ರ? ನಾಳೆ ಹೊಸಾ ಡಾಕ್ಟರ್ ಬಂದು, ಈಕಿಗೆ ಇದು ನಡೀತದ ಅಂತ ನಿನಗ ಚುಚ್ಚಿದ್ರ? ನಾ ಏನು ಮಾಡಬೇಕಿತ್ತು?"

ಸಿಟ್ಟಿಗಿಂತ ನನಗ ಅಂಜಿಕಿ ಆಗಿತ್ತು. ಕಣ್ಣಾಗ ನೀರೂ ಬಂದಿತ್ತು. ಅಕಿಗೂ ಬಂತು. ಲಾಳಿ ಬದೀಗಿಟ್ಟು, "ತಪ್ಪಾತ್ರಿ. ಇನ್ನ ಮ್ಯಾಲೆ ಯಾರಿಗೂ ಕೊಡೂದಿಲ್ಲ" ಅಂದ್ಲು.

ಆದ್ರ ನನಗೊಂದು ಮಾತು ಒಳಗ ಚುಚ್ಚಾಕತ್ತಿತ್ತು, ಕೇಳೇಬಿಟ್ಟೆ.

"ಅದಿರ್ಲಿ. ಲಗ್ನ ಆಗಿ ಹದಿನೆಂಟು ವರ್ಷ ಆತು. ಒಂದಿನರೆ ನನ್ನ ಹೆಸರು ನಿನ್ನ ಬಾಯಾಗ ಬಂದಿಲ್ಲ. ನಿನ್ನೆ ಬಂದಾಕಿಗೆ ಹೆಂಗ ಹೇಳಿಕೊಟ್ಟಿ?"

ಇಷ್ಟೊತ್ತು ತಲಿ ಬಗ್ಗಿಸಿ ಕುಂತಾಕಿ ಈಗ ತಲಿ ಎತ್ತಿದ್ಲು. ಅವತ್ತಿನ ದಿನದಾಗ ಮೊದಲನೇ ಸಲ ಅಕಿಗೆ ಖರೇನs ಸಿಟ್ಟು ಬಂದಿತ್ತು.

"ಏನಂತ ಮಾತಾಡ್ತೀರಿ? ನಿಮ್ಮ ಹೆಸರು ಬಾಯಿಬಿಟ್ಟು ಹೇಳಾಕ ನಾ ಅಂಥಾ ಹೆಂಗಸೇನು? ಕಾರ್ಡಿನ ಮ್ಯಾಲೆ ಬೆರಳಿಟ್ಟು ತೋರಿಸೀನಿ, ಅಕೀನs ಓದ್ಕೊಂಡಾಳ!"