ಅತ್ತೆಯ ಹಾಡಿಗೆ ನನ್ನ ತಿದ್ದುಪಡಿ

ಸಾಯುವವರು ಏನು ಬೇಕಾದರೂ ಕೇಳಬಹುದು, ಇಲ್ಲ ಅಂದವನು ಮಾತ್ರ ಕಟುಕ. ಇದು ಯಾವ ಊರಿನ ನ್ಯಾಯ, ನೀವೇ ಹೇಳಿ. ನನ್ನ ಅತ್ತೆ ಕೇಳಿದ್ದು ಹಣ್ಣಲ್ಲ, ಹಾಲಲ್ಲ. ಒಂದು ಸಿನಿಮಾ ಹಾಡು. ಅದೂ ತಮ್ಮ ಶವಸಂಸ್ಕಾರಕ್ಕೆ. ಅದೂ ನನ್ನ ಬಾಯಿಂದ!

ನಾನು ಹೊಟ್ಟೆಪಾಡಿಗೆ ಮುದ್ರಣಾಲಯದಲ್ಲಿ ಕರಡು ತಿದ್ದುವವನು. ಭಾನುವಾರ ಚರ್ಚಿನ ಗಾಯನ ತಂಡದ ಮೇಷ್ಟ್ರು. (ಬೆನ್ನ ಹಿಂದೆ ನನಗೆ 'ಕೆಂಪು ಶಾಯಿ' ಎಂದು ಹೆಸರು. ಎದುರಿಗೆ ಹಾಗೆ ಕರೆಯುವ ಎದೆಗಾರಿಕೆ ನನ್ನ ಹೆಂಡತಿಗೆ ಮಾತ್ರ.) ಹೋದ ವರ್ಷ ಆರಾಧನೆ ಮುಗಿದು ಇನ್ನೂ ಮೆಟ್ಟಿಲು ಇಳಿದಿಲ್ಲ, ನಮ್ಮ ಯುವಕರು ಸಿನಿಮಾ ಹಾಡು ಗುನುಗತೊಡಗಿದರು. ನನ್ನ ಮೈಯೆಲ್ಲ ಉರಿದುಹೋಯಿತು. ದೇವರನ್ನು ಸ್ತುತಿಸಿದ ನಾಲಿಗೆ ಹತ್ತು ನಿಮಿಷವಾದರೂ ಸುಮ್ಮನಿರಬಾರದೇ? ಈಗಲೂ ನನಗೆ ಹಾಗೇ ಅನ್ನಿಸುತ್ತದೆ, ಮುಚ್ಚಿಡುವುದಿಲ್ಲ. ಕೂಡಲೇ 'ಪರಿಶುದ್ಧ ಕರ್ಣ ಪ್ರತಿಜ್ಞೆ' ಎಂಬ ಮಹಾಶಾಸನವನ್ನು ರಚಿಸಿ, ಅಚ್ಚು ಹಾಕಿಸಿ, "ಚಿತ್ರಗೀತೆಯನ್ನು ಹಾಡೆನು, ಕೇಳೆನು, ಗುನುಗೆನು" ಎಂದು ಅರವತ್ತಮೂರು ಜನರಿಂದ ಸಹಿ ಹಾಕಿಸಿದೆ. ಪಾಸ್ಟರ್ ಹಾಕಿದರು. ನಮ್ಮ ಮನೆಯಲ್ಲೇ ಇದ್ದ ಅತ್ತೆಯೂ ಕನ್ನಡಕ ಹುಡುಕಿ ತಂದು ಹಾಕಿದರು.

ಆಮೇಲೆ ಅವರ ಹೊಟ್ಟೆಯಲ್ಲಿ ಗಡ್ಡೆ ಸಿಕ್ಕಿತು. ಡಾಕ್ಟರು "ಮನೆಗೆ ಕರ್ಕೊಂಡು ಹೋಗಿ" ಅಂದರು. ಹಾಗೆಂದರೆ ಏನೆಂದು ನಮಗಿಂತ ಮೊದಲು ಅತ್ತೆಗೇ ಅರ್ಥವಾಯಿತು. ಹಿಂದಿನ ಕೋಣೆಯಲ್ಲಿ, ಕಿಟಕಿಯ ಪಕ್ಕ ಮಂಚ ಹಾಕಿಸಿಕೊಂಡರು. ಒಂದು ಬೆಳಿಗ್ಗೆ ನನ್ನನ್ನು ಕರೆಸಿದರು.

"ಅಳಿಯಂದ್ರೇ, ಕೀರ್ತನೆ ಹಾಡಿ, ಪ್ರಾರ್ಥನೆ ಮಾಡಿ, ಎಲ್ಲ ಪದ್ಧತಿ ಪ್ರಕಾರ ನಡೀಲಿ. ಕೊನೇಲಿ ಪೆಟ್ಟಿಗೆ ಎತ್ತೋವಾಗ ಮಾತ್ರ ಆ ಬಸ್ಸಿನ ಹಾಡು ಹಾಡಿಬಿಡಿ."

"ಯಾವ ಬಸ್ಸಿನ ಹಾಡು ಅತ್ತೆ?"

ಅವರು ಮೆಲ್ಲಗೆ ಹಾಡಿಯೇಬಿಟ್ಟರು: "ಹೋದರೆ ಹೋಗಲಿ ಕೊನೆಯ ಬಸ್ಸು, ನಡೆದೇ ಹೋಗೋಣ ಬಾರೆ ಚೆಲುವೆ..." (ಪ್ರತಿಜ್ಞೆಯ ಮೂರೂ ಷರತ್ತು ಒಂದೇ ಉಸಿರಿಗೆ ಮಣ್ಣುಪಾಲು.)

"ಮದುವೆ ಆದ ಮಾರನೇ ದಿನ ಬಸ್ಸು ತಪ್ಪಿಹೋಯ್ತು. ಹನ್ನೊಂದು ಮೈಲಿ ನಡೆದ್ವಿ. ನಿಮ್ಮ ಮಾವ ದಾರಿ ಪೂರ್ತಿ ಇದನ್ನೇ ಹಾಡ್ಕೊಂಡು ಬಂದ್ರು. ಅಪಸ್ವರ ಅಂದ್ರೆ ಅಪಸ್ವರ! ಈಗ ಅವರ ಹತ್ರ ತಾನೇ ಹೋಗ್ತಿರೋದು?"

"ಹೋಗ್ತಿರೋದು ಕರ್ತನ ಹತ್ರ ಅತ್ತೆ," ಎಂದು ತಿದ್ದಿದೆ. ತಿದ್ದುವುದು ನನ್ನ ಕಸುಬು.

"ಅವನಿಗೇನೂ ಬೇಜಾರಾಗಲ್ಲ ಬಿಡಿ," ಅಂದರು.

ಅಡುಗೆಮನೆಯಲ್ಲಿ ಹೆಂಡತಿ ಕಾಯುತ್ತಿದ್ದಳು. "ಒಪ್ಕೊಂಡ್ರಾ?"

"ಅರವತ್ತಮೂರು ಸಹಿ ಇದೆ ಕಣೇ!"

"ಸಾಯ್ತಿರೋದು ಒಬ್ಬಳೇ ರೀ."

"ಸತ್ಯ ಅಂದ್ರೆ ಸತ್ಯ. ಅತ್ತೆಗೊಂದು, ಊರಿಗೊಂದು ಅಂತ ಇರಲ್ಲ."

"ಸತ್ಯ ನಿಮ್ಮ ಹತ್ರ ಬಸ್ತಾ ಬಸ್ತಾ ಇದೆ, ಗೊತ್ತು. ಕೃಪೆ ಅಂತ ಒಂದಿರತ್ತಲ್ಲ, ಅದನ್ನ ಯಾವ ಕಪಾಟಲ್ಲಿ ಇಟ್ಟಿದ್ದೀರಿ?" ಎಂದು ಪಾತ್ರೆಯನ್ನು ಕುಕ್ಕಿದಳು.

ಆಗ ನನಗೊಂದು ದಿವ್ಯೋಪಾಯ ಹೊಳೆಯಿತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಧಾಟಿ ಅದೇ ಇರಲಿ, ಮಾತು ತಿದ್ದಿಬಿಡೋಣ! ಹಳೆಯ ಹಾಡಿನ ಪುಸ್ತಕ ಹುಡುಕಿ ತಂದು, ಮೂಲವನ್ನು ಇಪ್ಪತ್ತು ಸಲ ಓದಿ, ಮೂರು ದಿನ ಕೆಂಪು ಶಾಯಿ ಸುರಿದೆ. 'ಕೊನೆಯ ಬಸ್ಸು' ಹೋಗಿ 'ಲೋಕದ ಸೊಗಸು' ಬಂತು. (ಪ್ರಾಸ ಗಮನಿಸಬೇಕು.) 'ಬಾರೆ ಚೆಲುವೆ' ಹೋಗಿ 'ಕರ್ತನ ಬಳಿಗೆ' ಆಯಿತು. ಚರಣದಲ್ಲಿ ಕೈ ಹಿಡಿಯುವುದು, ಹೆಗಲಿಗೆ ಏರುವುದು ಎಲ್ಲ ಇತ್ತು. ಅದನ್ನು ಇಡಿಯಾಗಿ ಹೊಡೆದುಹಾಕಿ, ಪಾಪ ಮತ್ತು ಪಶ್ಚಾತ್ತಾಪದ ಬಗ್ಗೆ ನಾಲ್ಕು ಸಾಲು ಸ್ವಂತದ್ದು ಬರೆದೆ.

ಚೀಟಿಯಲ್ಲಿ ಬರೆದುಕೊಂಡು ಹೋಗಿ ಹಾಡಿ ತೋರಿಸಿದೆ. ಅತ್ತೆ ಕಣ್ಣು ಮುಚ್ಚಿ ಪೂರ್ತಿ ಕೇಳಿದರು. "ಚೆನ್ನಾಗಿದೆ ಅಳಿಯಂದ್ರೇ. ಆದ್ರೆ ಇದರಲ್ಲಿ ಅವರಿಲ್ಲ, ನಾನೂ ಇಲ್ಲ." ಕಣ್ಣು ತೆರೆದು, "ಶವಸಂಸ್ಕಾರದ್ದು ನಿಮ್ಮಿಷ್ಟ. ಈಗ ಒಂದೇ ಒಂದು ಸಲ ಹಳೇದು ಹಾಡ್ತೀರಾ? ಬಾಗಿಲು ಹಾಕ್ಕೊಂಡು. ನನಗೆ ಚರಣ ಮರೆತುಹೋಗಿದೆ," ಅಂದರು.

"ಪ್ರತಿಜ್ಞೆಗೆ ಸಹಿ ಹಾಕಿದ್ದೀನಲ್ಲ ಅತ್ತೆ."

"ನಾನೂ ಹಾಕಿದ್ದೀನಿ, ನಿಮ್ಮ ಮನಸ್ಸು ನೋಯಬಾರದು ಅಂತ."

ನಾನು ಚೀಟಿ ಮಡಚಿಕೊಂಡು ಎದ್ದುಬಂದೆ. ಮಾರನೆಯ ಬೆಳಿಗ್ಗೆ ಹೆಂಡತಿ ಕಾಫಿ ತೆಗೆದುಕೊಂಡು ಹೋದಾಗ ಅತ್ತೆ ಇರಲಿಲ್ಲ.

ಅದರ ಮಾರನೆಯ ದಿನ ಸಂಸ್ಕಾರ. ತಿದ್ದಿದ ಹಾಡನ್ನು ಅಚ್ಚು ಹಾಕಿಸಿ ಎಲ್ಲರ ಕೈಗೂ ಒಂದೊಂದು ಚೀಟಿ ಕೊಡಿಸಿದ್ದೆ. ಪೆಟ್ಟಿಗೆಯ ಮುಂದಿನ ಎಡಮೂಲೆಗೆ ನಾನೇ ಹೆಗಲು ಕೊಟ್ಟೆ. ಹಾರ್ಮೋನಿಯಂ ಶುರುವಾಯಿತು. "ಹೋದರೆ ಹೋಗಲಿ..." ಎಂದು ಸಭೆ ಎತ್ತಿಕೊಂಡಿತು. ಮೊದಲ ಸಾಲಿನ ಇಬ್ಬರು ಮುದುಕಿಯರು 'ಲೋಕದ ಸೊಗಸು' ಎಂದರು. ಉಳಿದವರೆಲ್ಲ ಒಕ್ಕೊರಲಿನಿಂದ 'ಕೊನೆಯ ಬಸ್ಸು' ಎಂದರು! ಖಜಾಂಚಿ, ಭಾನುವಾರ ಶಾಲೆಯ ಟೀಚರಮ್ಮ, ಕಂಪಿಸುವ ಗಡ್ಡದ ಹಿರಿಯರು, ಎಲ್ಲರೂ. ಕೈಯಲ್ಲಿ ಚೀಟಿ, ಕಣ್ಣಲ್ಲಿ ನೀರು, ಬಾಯಲ್ಲಿ ಬಸ್ಸು. ಪಾಸ್ಟರ್ ಬೈಬಲ್ ಎದೆಗವಚಿಕೊಂಡು 'ಬಾರೆ ಚೆಲುವೆ' ಅನ್ನುತ್ತಿದ್ದರು.

ಪಲ್ಲವಿ ಮುಗಿಯಿತು. ಚರಣ ಯಾರಿಗೂ ಬಾರದು. ಸಭೆಯೆಲ್ಲ ಮೇಷ್ಟ್ರ ಮುಖ ನೋಡಿತು. ಮೇಷ್ಟ್ರ ಚೀಟಿ ಜೇಬಿನಲ್ಲಿತ್ತು, ಎರಡು ಕೈಯೂ ಪೆಟ್ಟಿಗೆಯ ಮೇಲಿದ್ದವು. ಮೂಲವನ್ನು ಇಪ್ಪತ್ತು ಸಲ ಓದಿದ ತಲೆಯಲ್ಲಿ ನನ್ನದೇ ನಾಲ್ಕು ಸಾಲಿನ ಒಂದಕ್ಷರವೂ ಉಳಿದಿರಲಿಲ್ಲ. ಬಾಯಿ ತೆರೆದೆ. ಬಂದದ್ದು ಇದು:

"ಕತ್ತಲೆಯಾದರೆ ಕೈಯನು ಹಿಡಿಯೇ, ಕಾಲು ನೊಂದರೆ ಹೆಗಲಿಗೆ ಬಾರೆ..."

ಹೆಗಲ ಮೇಲೆ ಅತ್ತೆ ಇದ್ದರು. ಎಷ್ಟು ಹಗುರವಾಗಿದ್ದರೆಂದರೆ ನನಗೆ ಅಳು ತಡೆಯಲಾಗಲಿಲ್ಲ. ಆದರೂ ಚರಣದ ನಾಲ್ಕೂ ಸಾಲನ್ನು ಒಬ್ಬನೇ, ಗಟ್ಟಿಯಾಗಿ, ಗೇಟಿನವರೆಗೆ ಹಾಡಿದೆ.

ಮಣ್ಣು ಹಾಕಿದ ಮೇಲೆ ಪಾಸ್ಟರ್ ಹತ್ತಿರ ಬಂದು, "ಮೇಷ್ಟ್ರೇ, ಆ ಚರಣ ಸ್ವಲ್ಪ ಬರೆದುಕೊಡ್ತೀರಾ?" ಎಂದು ಪಿಸುಗುಟ್ಟಿದರು. ಪ್ರತಿಜ್ಞೆಯ ಮಾತನ್ನು ಯಾರೂ ಎತ್ತಲಿಲ್ಲ. ಸುಳ್ಳೇಕೆ, ನನಗೆ ಒಳಗೊಳಗೇ ಒಂದಿಷ್ಟು ಹೆಮ್ಮೆಯೂ ಆಯಿತು.

ಮನೆಗೆ ಬರುವ ದಾರಿಯಲ್ಲಿ ಹೆಂಡತಿಯನ್ನು ಕೇಳಿದೆ: "ಹೇಗಿತ್ತೇ ಹಾಡು?"

"ತುಂಬಾ ಚೆನ್ನಾಗಿತ್ತು ರೀ," ಅಂದಳು ಅವಳು, ನನ್ನ ಕಡೆ ತಿರುಗದೆ. "ಮೊನ್ನೆ ಆಗಿದ್ರೆ ಅಮ್ಮನಿಗೂ ಕೇಳಿಸ್ತಿತ್ತು."