ಸಹನಾಗೆ ಸೊನ್ನೆ ಕೊಟ್ಟ ಯಂತ್ರ

ಮನುಷ್ಯರ ಮೇಲೆ ಸಿಟ್ಟು ಬಂದರೆ ತೀರಿಸಿಕೊಳ್ಳಲು ನೂರು ದಾರಿಗಳಿವೆ. ಬೈಯಬಹುದು, ಮಾತು ಬಿಡಬಹುದು, ಅವರ ಮನೆಯ ಮದುವೆಗೆ ಹೋಗಿ ಉಣ್ಣದೆ ಬರಬಹುದು. ಯಂತ್ರದ ಮೇಲೆ ಬಂದ ಸಿಟ್ಟನ್ನು ಎಲ್ಲಿಗೆ ಒಯ್ಯುವುದು? ಹಾರೂಗೇರಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ನನಗೆ ಯಂತ್ರಗಳ ಮೇಲೆ ಬಹಳ ಗೌರವವಿತ್ತು. ವಸತಿ ಶಾಲೆಯ ಪ್ರವೇಶ ಪರೀಕ್ಷೆಯಲ್ಲಿ ನನ್ನ ಮಗಳು ಸಹನಾಗೆ ಸೊನ್ನೆ ಬಂದ ದಿನ ಅದು ಹೊರಟುಹೋಯಿತು.

ಸೊನ್ನೆ! ಐದನೆಯ ತರಗತಿಯ ಹುಡುಗಿ ಕಣ್ಣು ಮುಚ್ಚಿಕೊಂಡು ವೃತ್ತಗಳನ್ನು ಕಪ್ಪು ಮಾಡುತ್ತ ಹೋದರೂ ನಾಲ್ಕೈದಾದರೂ ಸರಿಯಾಗಬೇಕಲ್ಲ? ಬರೀ ಪ್ರಶ್ನೆಗಳನ್ನೇ ನಕಲು ಮಾಡಿಟ್ಟು ಹೋದವನಿಗೂ ಅಕ್ಷರ ದುಂಡಗಿದೆ ಎಂದು ನಾನು ಎರಡು ಅಂಕ ಹಾಕಿದ್ದೇನೆ. ಕರುಳಿದ್ದವರು ಮಾಡುವ ಕೆಲಸ ಅದು. ಉತ್ತರ ಪತ್ರಿಕೆ ತಿದ್ದುವ ಈ ಯಂತ್ರಕ್ಕೆ ಕರುಳೆಲ್ಲಿಂದ ಬರಬೇಕು? ಹೊಸ ಟ್ರಂಕಿನ ಮೇಲೆ ಹೆಸರು ಬರೆಸಿಕೊಂಡಿದ್ದ ಹುಡುಗಿ ಅದನ್ನು ಮಂಚದ ಕೆಳಗೆ ತಳ್ಳಿ, ಗೋಡೆಗೆ ಮುಖ ಮಾಡಿ ಮಲಗಿದಳು.

"ಸುಮ್ನ ಕುಂತ್ರ ಸೀಟ್ ಮನೀಗೆ ಬರ್ತೈತೇನ್ರಿ?" ಎಂದಳು ಹೆಂಡತಿ. ನಾಲ್ಕು ಪುಟದ ಅರ್ಜಿ ಬರೆದು, 'ಯಂತ್ರದ ದೋಷ' ಎಂಬುದರ ಕೆಳಗೆ ಕೆಂಪು ಗೆರೆ ಎಳೆದು, ಸಹನಾಳನ್ನೂ ಕರೆದುಕೊಂಡು ಚಿಕ್ಕೋಡಿಯ ಬಸ್ಸು ಹತ್ತಿದೆ. ಪಕ್ಕದಲ್ಲಿ ಕೂತಿದ್ದ ಬೇಡಕಿಹಾಳದ ರೈತರಿಗೆ ದಾರಿಯುದ್ದಕ್ಕೂ ಯಂತ್ರದ ಅನ್ಯಾಯ ವರ್ಣಿಸಿದೆ. "ಕಬ್ಬು ತೂಗೂ ಕಾಟಾನೂ ಹಂಗ ಐತ್ರಿ ಮಾಸ್ತರ. ಟ್ರ್ಯಾಕ್ಟರ್ ತುಂಬ ಒಯ್ದ್ರ ಅರ್ಧ ಅದ ನುಂಗತೈತಿ" ಎಂದು ಅವರು ಹೇಳಿದ್ದರಿಂದ ನನ್ನ ಸಿಟ್ಟು ಇಮ್ಮಡಿಯಾಯಿತು.

ಪರೀಕ್ಷಾ ಕಚೇರಿಯ ಮೇಡಂ ನನ್ನ ಭಾಷಣವನ್ನು ಪೂರ್ತಿ ಕೇಳಿದರು. ಆಮೇಲೆ ಉತ್ತರ ಪತ್ರಿಕೆ ತೆಗೆದು ಮೇಜಿನ ಮೇಲಿಟ್ಟರು. ವೃತ್ತಗಳನ್ನೆಲ್ಲ ಸಹನಾ ಮುದ್ದಾಗಿ ತುಂಬಿದ್ದಳು. ಆದರೆ ಮೂಲೆಯಲ್ಲಿದ್ದ ಸಣ್ಣ ಕಪ್ಪು ಗೆರೆಗಳ ಮೇಲೆ ದಪ್ಪನೆಯ ಹಳದಿ ಹೆಬ್ಬೆರಳ ಗುರುತು ಬಿದ್ದಿತ್ತು. ಎಣ್ಣೆಯ ಕಲೆ ಕಾಗದದ ತುಂಬ ಹರಡಿತ್ತು.

"ಈ ಗೆರಿ ಕಾಣ್ಲಿಲ್ಲಂದ್ರ ಯಾವ ಉತ್ತರ ಎಲ್ಲೈತಿ ಅಂತ ಮಷೀನಿಗೆ ತಿಳಿಯೂದಿಲ್ರಿ. ಏನಿದು ಹಳದಿ?"

ನಾನು ಫ್ಯಾನಿನ ಕಡೆ ನೋಡಿದೆ. ಸಹನಾ ನೋಡಲಿಲ್ಲ. "ಬೀರದೇವರ ಭಂಡಾರ ರೀ ಮೇಡಂ. ಪೇಪರ್ ಕೈಗೆ ಬಂದ ಕೂಡ್ಲೆ ಮೂಲ್ಯಾಗ ಹಚ್ಚು ಅಂತ ಪಪ್ಪಾ ಕೊಟ್ಟಿದ್ರು ರೀ."

ನಮ್ಮ ಕಡೆ ಹೊಸ ಟ್ರ್ಯಾಕ್ಟರಿಗೆ ಭಂಡಾರ, ಹೊಸ ಬೋರ್‌ವೆಲ್ಲಿಗೆ ಭಂಡಾರ. ದೇವರ ಅರಿಶಿನ ಉತ್ತರ ಪತ್ರಿಕೆಗೆ ಮಾತ್ರ ಏಕೆ ಬೇಡ? ಉದುರಬಾರದೆಂದು ಅದಕ್ಕೆ ಕೊಬ್ಬರಿ ಎಣ್ಣೆ ಕಲಸಿಕೊಟ್ಟವನೂ ಈ ವಿಜ್ಞಾನದ ಮಾಸ್ತರನೇ.

ಮೇಡಂ ನಗಲಿಲ್ಲ, ಅದೇ ದೊಡ್ಡ ಉಪಕಾರ. "ಕೈಲೆ ಎಣಸ್ತೀವ್ರಿ. ಆದ್ರ ಅರ್ಜ್ಯಾಗ ಖರೇ ಕಾರಣ ಬರದು ಕೊಡ್ರಿ" ಎಂದರು. ನಾನು ಯಂತ್ರದ ದೋಷವನ್ನು ಹೊಡೆದು ಹಾಕಿ, 'ಅನಿವಾರ್ಯ ಕಾರಣದಿಂದ ಪತ್ರಿಕೆಗೆ ಭಂಡಾರ ತಗುಲಿರುತ್ತದೆ' ಎಂದು ಬರೆದೆ. ಸಹನಾ ಇಣುಕಿ ಓದಿದಳು.

"ಯಾರು ಹಚ್ಚಿಸಿದ್ರು ಅಂತ ಬರದೇ ಇಲ್ಲಲ್ಲ ಪಪ್ಪಾ? ಬರಿ."

ಬರೆದೆ. ಕೈಯಿಂದ ಎಣಿಸಿದಾಗ ಸೀಟಿಗೆ ಬೇಕಾದಷ್ಟು ಅಂಕಗಳು ಬಂದವು. ವಸತಿ ಶಾಲೆಗೆ ಸೇರಿಸಲು ಹೋದ ದಿನ ಪ್ರವೇಶದ ಫಾರ್ಮು ತುಂಬಲು ನಾನು ಪೆನ್ನು ತೆಗೆದೆ. ಮಗಳು ಫಾರ್ಮನ್ನು ತನ್ನ ಕಡೆ ಎಳೆದುಕೊಂಡು, ಎಲ್ಲರ ಎದುರಿಗೇ ಹೇಳಿದಳು: "ಪಪ್ಪಾ, ಮೊದಲ ಕೈ ತೊಳಕೊಂಡು ಬಾ."

ಸಾಬೂನು ಹಚ್ಚಿ ತೊಳೆದುಕೊಂಡು ಬಂದೆ.